ಪುನರ್ಪುಳಿಯ ಕೆಂಪು, ದೇಹದ ರಸಾಯನ

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಪುನರ್ಪುಳಿ ಎಂದೂ ಉತ್ತರ ಕನ್ನಡ, ಶಿವಮೊಗ್ಗ ಜಿಲ್ಲೆಗಳಲ್ಲಿ ಮುರುಗಲು ಎಂದೂ ಕರೆಸಿಕೊಳ್ಳುವ ಹಣ್ಣು, ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ತೋಟದ ಅಂಚುಗಳಲ್ಲಿಯೂ ಬೆಳೆಯುವ ಗಾರ್ಸಿನಿಯಾ ಇಂಡಿಕಾ ಎಂಬ ನಿತ್ಯಹಸುರಿನ ಮರದ ಫಲ. ಬೇಸಿಗೆಯ ಕೊನೆಯ ವಾರಗಳಲ್ಲಿ, ಮಳೆ ಹಿಡಿಯುವ ಮುನ್ನ, ಈ ಹಣ್ಣನ್ನು ಕೊಯ್ದು ಎರಡು ಹೋಳು ಮಾಡಿ, ಬೀಜವನ್ನೂ ಅದಕ್ಕೆ ಅಂಟಿದ ಬಿಳಿಯ ತಿರುಳನ್ನೂ ತೆಗೆದು, ಉಳಿದ ಸಿಪ್ಪೆಯ ಬಟ್ಟಲುಗಳನ್ನು ಸಕ್ಕರೆಯೊಡನೆ ಪದರಪದರವಾಗಿ ಭರಣಿಗೆ ತುಂಬಿ ಬಿಸಿಲಿಗಿಡುವ ಕ್ರಮವಿದೆ. ಕೆಲವೇ ದಿನಗಳಲ್ಲಿ ಸಿಪ್ಪೆ ನೀರು ಬಿಟ್ಟು ಮುದುಡುತ್ತದೆ, ಭರಣಿಯ ತಳದಲ್ಲಿ ಗಾಢ ಕೆಂಪಿನ ಪಾಕ ನಿಲ್ಲುತ್ತದೆ. ಪಿತ್ತಕ್ಕೆ ಒಳ್ಳೆಯದು, ದಾಹ ತಣಿಸುತ್ತದೆ ಎಂದು ಹಿಂದಿನವರು ಕುಡಿಯುತ್ತಿದ್ದ ಈ ಪಾನಕವೇ ಇಂದು ‘ಆಂಟಿಆಕ್ಸಿಡೆಂಟ್ ಸಮೃದ್ಧ’ ಎಂಬ ಚೀಟಿ ಅಂಟಿಸಿಕೊಂಡು ಮಾರುಕಟ್ಟೆಗೆ ಬರುತ್ತಿದೆ. ನೇರಳೆ, ನೆಲ್ಲಿ, ದಾಳಿಂಬೆ, ದ್ರಾಕ್ಷಿಗಳ ರಸಕ್ಕೂ ಇದೇ ಮಾತು ಅನ್ವಯಿಸುತ್ತದೆ. ಚೀಟಿಯ ಮೇಲಿನ ಆ ಪದದ ಹಿಂದೆ ನಿಜವಾದ ರಸಾಯನವಿಜ್ಞಾನವಿದೆ. ಆದರೆ ಆ ವಿಜ್ಞಾನ ಹೇಳುವುದು ಚೀಟಿ ಹೇಳುವುದಕ್ಕಿಂತ ಭಿನ್ನವಾದ, ಹೆಚ್ಚು ಸ್ವಾರಸ್ಯಕರವಾದ ಸಂಗತಿ.

ಉಸಿರಿನೊಂದಿಗೆ ಒಳಬರುವ ಆಮ್ಲಜನಕವನ್ನು ಜೀವಕೋಶದ ಮೈಟೊಕಾಂಡ್ರಿಯಾ ಎಂಬ ಭಾಗವು ಆಹಾರದಿಂದ ಶಕ್ತಿ ತೆಗೆಯಲು ಬಳಸುತ್ತದೆ. ಈ ಕ್ರಿಯೆಯಲ್ಲಿ ಆಮ್ಲಜನಕದ ಬಹುಪಾಲು ನೀರಾಗಿ ಮಾರ್ಪಟ್ಟರೂ, ಅಲ್ಪ ಅಂಶವು ಅರೆಬರೆಯಾಗಿ ಉಳಿದು, ಜೊತೆಯಿಲ್ಲದ ಒಂಟಿ ಎಲೆಕ್ಟ್ರಾನನ್ನು ಹೊತ್ತ ಕಣವಾಗುತ್ತದೆ. ಇಂಥ ಕಣಕ್ಕೆ ಫ್ರೀ ರ್‍ಯಾಡಿಕಲ್ ಎಂದು ಹೆಸರು. ಎಲೆಕ್ಟ್ರಾನುಗಳು ಸಾಮಾನ್ಯವಾಗಿ ಜೋಡಿಯಾಗಿಯೇ ಇರುವುದರಿಂದ, ಈ ಕಣವು ಪಕ್ಕದ ಅಣುವಿನಿಂದ ಒಂದು ಎಲೆಕ್ಟ್ರಾನನ್ನು ಕಸಿದುಕೊಳ್ಳುತ್ತದೆ. ಕಳೆದುಕೊಂಡ ಅಣು ತಾನೇ ಒಂಟಿಯಾಗಿ ಮತ್ತೊಂದರ ಮೇಲೆರಗುತ್ತದೆ. ಹೀಗೆ ಎಲೆಕ್ಟ್ರಾನ್ ಕಳೆದುಕೊಳ್ಳುವ ಕ್ರಿಯೆಯೇ ಉತ್ಕರ್ಷಣ. ಜೀವಕೋಶದ ಪೊರೆಯಲ್ಲಿರುವ ಕೊಬ್ಬು, ಪ್ರೋಟೀನು, ಡಿಎನ್ಎ ಎಲ್ಲವೂ ಇದರಿಂದ ಹಾನಿಗೊಳ್ಳಬಹುದು. ತನ್ನ ಎಲೆಕ್ಟ್ರಾನನ್ನು ಬಿಟ್ಟುಕೊಟ್ಟು, ಆದರೂ ತಾನು ಅಸ್ಥಿರವಾಗದೆ, ಈ ಸರಪಳಿಯನ್ನು ಅಲ್ಲಿಗೆ ತುಂಡರಿಸಬಲ್ಲ ವಸ್ತುವೇ ಆಂಟಿಆಕ್ಸಿಡೆಂಟ್, ಅಂದರೆ ಉತ್ಕರ್ಷಣ ನಿರೋಧಕ.

ಅಮೆರಿಕದ ಡೆನ್ಹಮ್ ಹಾರ್ಮನ್ 1956ರಲ್ಲಿ, ಮುಪ್ಪಿಗೆ ಈ ಹಾನಿಯೇ ಕಾರಣವಿರಬಹುದು ಎಂಬ ಸಿದ್ಧಾಂತವನ್ನು ಮುಂದಿಟ್ಟರು. 1969ರಲ್ಲಿ ಜೋ ಮೆಕ್‌ಕಾರ್ಡ್ ಮತ್ತು ಇರ್ವಿನ್ ಫ್ರಿಡೋವಿಚ್ ಅವರು ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಎಂಬ ಕಿಣ್ವವನ್ನು, ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಪ್ರೋಟೀನನ್ನು ಗುರುತಿಸಿದರು. ಈ ಕಿಣ್ವದ ಏಕೈಕ ಕೆಲಸ ಫ್ರೀ ರ್‍ಯಾಡಿಕಲ್‌ಗಳನ್ನು ನಿಭಾಯಿಸುವುದಾದ್ದರಿಂದ, ದೇಹವು ಆಹಾರದ ದಾರಿ ಕಾಯದೆ ತನ್ನದೇ ರಕ್ಷಣೆಯನ್ನು ಹೊಂದಿದೆ ಎಂಬುದು ಅಲ್ಲಿಂದ ಖಚಿತವಾಯಿತು. ಅಷ್ಟೇ ಮುಖ್ಯವಾದ ಇನ್ನೊಂದು ಅಂಶವಿದೆ: ಫ್ರೀ ರ್‍ಯಾಡಿಕಲ್‌ಗಳು ಬರಿಯ ಶತ್ರುಗಳಲ್ಲ. ರಕ್ತದ ಬಿಳಿಕಣಗಳು ತಾವು ನುಂಗಿದ ರೋಗಾಣುಗಳನ್ನು ಕೊಲ್ಲುವುದಕ್ಕೆ ಇವನ್ನು ಉದ್ದೇಶಪೂರ್ವಕವಾಗಿಯೇ ಉತ್ಪಾದಿಸುತ್ತವೆ; ವ್ಯಾಯಾಮ ಮಾಡುವಾಗ ಸ್ನಾಯುಗಳಲ್ಲಿ ಹುಟ್ಟುವ ಇಂಥ ಕಣಗಳು, ಇನ್ನಷ್ಟು ಬಲಗೊಳ್ಳಬೇಕೆಂಬ ಸಂದೇಶವನ್ನು ಜೀವಕೋಶಕ್ಕೆ ಮುಟ್ಟಿಸುತ್ತವೆ. ಇವನ್ನು ಸಂಪೂರ್ಣವಾಗಿ ಒರೆಸಿಹಾಕುವುದು ಸಾಧ್ಯವೂ ಅಲ್ಲ, ಹಿತವೂ ಅಲ್ಲ.

ಪುನರ್ಪುಳಿಯ ಕೆಂಪಿಗೆ ಕಾರಣ ಆಂಥೋಸಯನಿನ್ ಎಂಬ ವರ್ಣದ್ರವ್ಯಗಳು, ಅವುಗಳಲ್ಲಿಯೂ ಮುಖ್ಯವಾಗಿ ಸಯನಿಡಿನ್ ಎಂಬ ಮೂಲವಸ್ತು ಸಕ್ಕರೆಯ ಅಣುವಿನೊಡನೆ ಬೆಸೆದುಕೊಂಡ ಎರಡು ರೂಪಗಳು. ನೇರಳೆ, ಕಪ್ಪು ದ್ರಾಕ್ಷಿ, ದಾಳಿಂಬೆಗಳ ಬಣ್ಣವೂ ಇದೇ ಕುಟುಂಬಕ್ಕೆ ಸೇರಿದ್ದು. ಮೈಸೂರಿನ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಪುನರ್ಪುಳಿಯ ಈ ಬಣ್ಣವನ್ನು ಬೇರ್ಪಡಿಸಿ, ಆಹಾರದ ನೈಸರ್ಗಿಕ ಬಣ್ಣವಾಗಿ ಬಳಸುವ ಸಾಧ್ಯತೆಯನ್ನು ಅಧ್ಯಯನ ಮಾಡಿದ್ದಾರೆ. ಆಂಥೋಸಯನಿನ್‌ನ ಗುಣವನ್ನು ಅಡುಗೆಮನೆಯಲ್ಲಿಯೇ ಕಣ್ಣಾರೆ ನೋಡಬಹುದು: ಸಿಪ್ಪೆ ನೆನೆಸಿದ ನೀರಿಗೆ ಅಡುಗೆ ಸೋಡಾ ಸ್ವಲ್ಪಸ್ವಲ್ಪವೇ ಬೆರೆಸುತ್ತ ಹೋದರೆ ನೊರೆಯೆದ್ದು, ಕೆಂಪು ನೇರಳೆಗೆ ತಿರುಗಿ, ಬಳಿಕ ಮಬ್ಬು ನೀಲಿ-ಹಸುರಾಗುತ್ತದೆ, ಕೂಡಲೇ ನಿಂಬೆರಸ ಹಿಂಡಿದರೆ ಕೆಂಪು ಬಹುಮಟ್ಟಿಗೆ ಮರಳುತ್ತದೆ. ಹುಳಿ ಇರುವಷ್ಟು ಹೊತ್ತು ಈ ಅಣು ಕೆಂಪಾಗಿಯೂ ಸ್ಥಿರವಾಗಿಯೂ ಇರುತ್ತದೆ, ಹುಳಿ ಹೋದರೆ ಬಣ್ಣವೂ ಕೆಡುತ್ತದೆ, ಅಣುವೂ ಒಡೆಯುತ್ತದೆ. ಪುನರ್ಪುಳಿಯಲ್ಲಿ ಬಣ್ಣದ ಜೊತೆಗೆ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೂ ಧಾರಾಳವಾಗಿರುವುದರಿಂದ ಅದರ ಕೆಂಪು ಹೊಟ್ಟೆಯನ್ನು ತಲಪುವವರೆಗೆ ಬಹುತೇಕ ಹಾಗೆಯೇ ಇರುತ್ತದೆ.

ತೊಡಕಿರುವುದು ಅಲ್ಲಿಂದ ಮುಂದೆ. ಸಣ್ಣ ಕರುಳಿನ ವಾತಾವರಣ ಹುಳಿಯದಲ್ಲವಾದ್ದರಿಂದ ಆಂಥೋಸಯನಿನ್ ಒಡೆಯತೊಡಗುತ್ತದೆ, ಕುಡಿದುದರ ಅತ್ಯಲ್ಪ ಭಾಗ ಮಾತ್ರ ಮೂಲರೂಪದಲ್ಲಿ ರಕ್ತಕ್ಕೆ ಸೇರುತ್ತದೆ. ರಕ್ತದಲ್ಲಿ ಮೊದಲೇ ಇರುವ ಯೂರಿಕ್ ಆಮ್ಲ ಮತ್ತು ಸಿ ವಿಟಮಿನ್‌ನ ಮಟ್ಟಕ್ಕೆ ಹೋಲಿಸಿದರೆ ಈ ಪ್ರಮಾಣ ತೀರಾ ಕಡಿಮೆ. ಹೀಗಿರುವಾಗ ಹಣ್ಣಿನ ಬಣ್ಣವು ರಕ್ತದಲ್ಲಿ ಸುತ್ತಾಡಿ ಫ್ರೀ ರ್‍ಯಾಡಿಕಲ್‌ಗಳನ್ನು ಒಂದೊಂದಾಗಿ ಹಿಡಿಯುತ್ತದೆ ಎಂಬ ಚಿತ್ರ ಲೆಕ್ಕಕ್ಕೆ ನಿಲ್ಲುವುದಿಲ್ಲ. ಸೇಬು ತಿಂದವರ ರಕ್ತದ ಉತ್ಕರ್ಷಣ ನಿರೋಧಕ ಸಾಮರ್ಥ್ಯ ಹೆಚ್ಚುವುದು ಪ್ರಯೋಗಗಳಲ್ಲಿ ಕಂಡಿತ್ತು. ಅಮೆರಿಕದ ಸಿಲ್ವಿನಾ ಲೊಟಿಟೊ ಮತ್ತು ಬಾಲ್ಜ್ ಫ್ರೈ ಅದರ ಮೂಲ ಹುಡುಕಿದಾಗ, ಆ ಏರಿಕೆಗೆ ಕಾರಣ ಸೇಬಿನ ಬಣ್ಣ, ಒಗರುಗಳ ಪಾಲಿಫೀನಾಲ್ ವಸ್ತುಗಳಲ್ಲ, ಹಣ್ಣಿನ ಫ್ರಕ್ಟೋಸ್ ಸಕ್ಕರೆಯಿಂದಾಗಿ ದೇಹವೇ ಹೆಚ್ಚಿಸಿಕೊಂಡ ಯೂರಿಕ್ ಆಮ್ಲ ಎಂಬುದು ಗೊತ್ತಾಯಿತು. ಹಣ್ಣುಗಳಿಗೆ ಅಂಕ ಕೊಡುವ ಒರಾಕ್ ಎಂಬ ಅಳತೆಯೂ ಪರೀಕ್ಷಾ ನಳಿಗೆಯೊಳಗಿನ ಅಳತೆಯೇ ಆಗಿತ್ತು. ಅಮೆರಿಕದ ಕೃಷಿ ಇಲಾಖೆ ತಾನು ಪ್ರಕಟಿಸಿದ್ದ ಒರಾಕ್ ಪಟ್ಟಿಯನ್ನು 2012ರಲ್ಲಿ ಹಿಂತೆಗೆದುಕೊಂಡಿತು, ಏಕೆಂದರೆ ಆ ಅಂಕಗಳನ್ನು ಕಂಪನಿಗಳು ಜಾಹೀರಾತಿಗೆ ಬಳಸಿಕೊಳ್ಳುತ್ತಿದ್ದವು, ಮನುಷ್ಯದೇಹದ ಮೇಲಿನ ಪರಿಣಾಮಕ್ಕೂ ಅವಕ್ಕೂ ಸಂಬಂಧವಿರಲಿಲ್ಲ.

ಮಾತ್ರೆಗಳ ಕಥೆ ಇದಕ್ಕಿಂತ ಕಟುವಾದದ್ದು. ಕಿತ್ತಳೆ ಬಣ್ಣದ ಹಣ್ಣು-ತರಕಾರಿಗಳನ್ನು ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಕಾಣುತ್ತಿದ್ದುದರಿಂದ, ಅವುಗಳಲ್ಲಿರುವ ಬೀಟಾ ಕೆರೋಟಿನ್ ಅನ್ನು ಮಾತ್ರೆಯ ರೂಪದಲ್ಲಿ ಕೊಟ್ಟರೆ ಒಳಿತಾದೀತೆಂದು ಫಿನ್ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಪುರುಷರ ಮೇಲೆ ಪ್ರಯೋಗ ನಡೆಯಿತು. 1994ರಲ್ಲಿ ಹೊರಬಂದ ಫಲಿತಾಂಶದಲ್ಲಿ, ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18 ಪ್ರತಿಶತ ಹೆಚ್ಚಾಗಿತ್ತು. ಅಮೆರಿಕದಲ್ಲಿ ಧೂಮಪಾನಿಗಳು ಮತ್ತು ಕಲ್ನಾರಿನ ಸಂಪರ್ಕಕ್ಕೆ ಬಂದ ಕೆಲಸಗಾರರ ಮೇಲೆ ನಡೆಯುತ್ತಿದ್ದ ಇನ್ನೊಂದು ಪ್ರಯೋಗವನ್ನು ಇದೇ ಕಾರಣಕ್ಕೆ 1996ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. 2009ರಲ್ಲಿ ಜರ್ಮನಿಯ ಮೈಕೇಲ್ ರಿಸ್ಟೋ ಮತ್ತು ಸಂಗಡಿಗರು, ವ್ಯಾಯಾಮದ ಜೊತೆಗೆ ದೊಡ್ಡ ಪ್ರಮಾಣದ ಸಿ ಮತ್ತು ಇ ವಿಟಮಿನ್ ಮಾತ್ರೆ ತೆಗೆದುಕೊಂಡ ಯುವಕರಲ್ಲಿ, ಇನ್ಸುಲಿನ್‌ಗೆ ದೇಹ ಸ್ಪಂದಿಸುವ ಶಕ್ತಿ ವ್ಯಾಯಾಮದಿಂದ ಸಹಜವಾಗಿ ಸುಧಾರಿಸಬೇಕಾದದ್ದು ಸುಧಾರಿಸಲಿಲ್ಲವೆಂದು ತೋರಿಸಿದರು. ಹಣ್ಣಿನಿಂದ ಒಂದು ವಸ್ತುವನ್ನು ಹೆಕ್ಕಿ ನೂರ್ಮಡಿ ಮಾಡಿ ಕೊಟ್ಟಾಗ ಅದು ಹಣ್ಣಿನ ಕೆಲಸವನ್ನು ಮಾಡಲಿಲ್ಲ.

ಹಾಗಾದರೆ ಹಣ್ಣಿನ ಪ್ರಯೋಜನ ಸುಳ್ಳೇ? ಖಂಡಿತ ಅಲ್ಲ. ಚೀನಾದಲ್ಲಿ ಸುಮಾರು 5 ಲಕ್ಷ ವಯಸ್ಕರನ್ನು ವರ್ಷಗಟ್ಟಲೆ ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನವೂ ತಾಜಾ ಹಣ್ಣು ತಿನ್ನುವವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದಾಗುವ ಸಾವು, ಹಣ್ಣನ್ನು ಅಪರೂಪಕ್ಕೆ ತಿನ್ನುವವರಿಗಿಂತ ಗಣನೀಯವಾಗಿ ಕಡಿಮೆಯಿತ್ತು. ಹಣ್ಣು ಕೊಳ್ಳುವ ಶಕ್ತಿಯುಳ್ಳವರ ಬದುಕೇ ಬೇರೆ ರೀತಿಯಲ್ಲಿ ಅನುಕೂಲಕರವಾಗಿರಬಹುದಾದ್ದರಿಂದ ಇಡೀ ವ್ಯತ್ಯಾಸವನ್ನು ಹಣ್ಣಿನ ಲೆಕ್ಕಕ್ಕೆ ಬರೆಯುವಂತಿಲ್ಲ. ಆದರೆ ಹಲವು ದೇಶಗಳ ಅಧ್ಯಯನಗಳು ಒಂದೇ ದಿಕ್ಕಿನತ್ತ ಬೆರಳು ಮಾಡುತ್ತಿರುವುದನ್ನು ಕಡೆಗಣಿಸುವಂತೆಯೂ ಇಲ್ಲ.

ಈ ಪ್ರಯೋಜನಗಳ ಪೈಕಿ ಅತ್ಯಂತ ಖಚಿತವಾದದ್ದು ಸಿ ವಿಟಮಿನ್‌ಗೆ ಸಂಬಂಧಿಸಿದ್ದು. ಹೆಚ್ಚಿನ ಪ್ರಾಣಿಗಳು ಇದನ್ನು ದೇಹದಲ್ಲಿಯೇ ತಯಾರಿಸಿಕೊಳ್ಳುತ್ತವೆ. ಮನುಷ್ಯನೂ ಅವನ ಹತ್ತಿರದ ಬಂಧುಗಳಾದ ವಾನರಗಳೂ ಅದಕ್ಕೆ ಬೇಕಾದ ಕೊನೆಯ ಕಿಣ್ವದ ಜೀನನ್ನು ವಿಕಾಸದ ಹಾದಿಯಲ್ಲಿ ಕಳೆದುಕೊಂಡಿದ್ದಾರೆ. ಚರ್ಮ, ವಸಡು, ರಕ್ತನಾಳಗಳನ್ನು ಹಿಡಿದಿಡುವ ಕೊಲಾಜೆನ್ ಎಂಬ ಪ್ರೋಟೀನು ಗಟ್ಟಿಯಾಗಲು ಈ ವಿಟಮಿನ್ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕ ಪುರುಷರಿಗೆ ದಿನಕ್ಕೆ 80, ಮಹಿಳೆಯರಿಗೆ 65 ಮಿಲಿಗ್ರಾಂ ಅಗತ್ಯ. 100 ಗ್ರಾಂ ಸೀಬೆಹಣ್ಣಿನಲ್ಲಿ 200 ಮಿಲಿಗ್ರಾಂಗೂ ಹೆಚ್ಚು ಇದೆ, ನೆಲ್ಲಿಕಾಯಿಯಲ್ಲಿ ಅದಕ್ಕಿಂತಲೂ ಹೆಚ್ಚು, ಕಿತ್ತಳೆಯಲ್ಲಿ ಸುಮಾರು 50. ದೂರದೇಶದ ಬೆರ್‍ರಿಗಳಿಗೆ ದುಬಾರಿ ಬೆಲೆ ತೆರುವ ಮೊದಲು ಸಂತೆಯ ಸೀಬೆಕಾಯಿಯ ಬುಟ್ಟಿಯತ್ತ ಗಮನ ಹರಿಸುವುದು ಉಚಿತ. ಕರ್ನಾಟಕದ ಮಟ್ಟಿಗೆ ಇದಕ್ಕೊಂದು ವಿಶೇಷ ಮಹತ್ವವೂ ಇದೆ: ರಾಗಿ, ಬೇಳೆ, ಸೊಪ್ಪುಗಳಲ್ಲಿರುವ ಕಬ್ಬಿಣವನ್ನು ಕರುಳು ಸುಲಭವಾಗಿ ಹೀರಿಕೊಳ್ಳುವುದಿಲ್ಲ, ಸಿ ವಿಟಮಿನ್ ತನ್ನ ಎಲೆಕ್ಟ್ರಾನನ್ನು ಕೊಟ್ಟು ಆ ಕಬ್ಬಿಣವನ್ನು ಹೀರಲು ಬರುವ ರೂಪಕ್ಕೆ ತರುತ್ತದೆ. ಇಲ್ಲಿ ಉತ್ಕರ್ಷಣ ನಿರೋಧಕ ಗುಣ ಅಕ್ಷರಶಃ ಕೆಲಸ ಮಾಡುತ್ತದೆ, ಆದರೆ ಮುಪ್ಪಿನ ವಿರುದ್ಧವಲ್ಲ, ರಕ್ತಹೀನತೆಯ ವಿರುದ್ಧ. ಮುದ್ದೆ, ಸೊಪ್ಪಿನ ಸಾರಿನ ಊಟದೊಡನೆ ಹಿಂಡಿಕೊಂಡ ನಿಂಬೆ ಅಥವಾ ಕಚ್ಚಿಕೊಂಡ ನೆಲ್ಲಿಕಾಯಿ ಊಟದ ನಡುವೆ ಕುಡಿಯುವ ಚಹಾಕ್ಕಿಂತ ಎಷ್ಟೋ ಹಿತಕಾರಿ, ಚಹಾ ಕಬ್ಬಿಣವನ್ನು ತಡೆಯುತ್ತದೆ.

ಬಣ್ಣದ ವಸ್ತುಗಳ ಕೆಲಸ ಇಷ್ಟು ನೇರವಲ್ಲ. ಸಣ್ಣ ಕರುಳಿನಲ್ಲಿ ಹೀರಿಕೆಯಾಗದೆ ಉಳಿದ ಪಾಲಿಫೀನಾಲ್‌ಗಳು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳ ಕೈಗೆ ಸಿಗುತ್ತವೆ. ಬಾಗಲಕೋಟೆ, ವಿಜಯಪುರ, ಕೊಪ್ಪಳಗಳ ಒಣಭೂಮಿಯಲ್ಲಿ ಬೆಳೆಯುವ ದಾಳಿಂಬೆಯ ಒಗರಿಗೆ ಕಾರಣವಾದ ಎಲ್ಲಾಜಿಟ್ಯಾನಿನ್‌ಗಳನ್ನು ಈ ಬ್ಯಾಕ್ಟೀರಿಯಾಗಳು ಯುರೊಲಿಥಿನ್ ಎಂಬ ಚಿಕ್ಕ ಅಣುಗಳಾಗಿ ಒಡೆಯುತ್ತವೆ, ಅವು ರಕ್ತಕ್ಕೆ ಸೇರುತ್ತವೆ. ಎಲ್ಲರ ಕರುಳಿನಲ್ಲಿಯೂ ಒಂದೇ ಬಗೆಯ ಬ್ಯಾಕ್ಟೀರಿಯಾಗಳಿರುವುದಿಲ್ಲವಾದ್ದರಿಂದ ಒಂದೇ ಹಣ್ಣು ಇಬ್ಬರಲ್ಲಿ ಬೇರೆಬೇರೆ ಪರಿಣಾಮ ಬೀರುವುದುಂಟು. ಇದರ ಜೊತೆಗೆ, ಇಂಥ ವಸ್ತುಗಳನ್ನು ಜೀವಕೋಶವು ಅಲ್ಪ ಪ್ರಮಾಣದ ಕಿರುಕುಳವೆಂದು ಗುರುತಿಸಿ, ತನ್ನದೇ ರಕ್ಷಣಾ ಕಿಣ್ವಗಳ ಉತ್ಪಾದನೆಯನ್ನು ಹೆಚ್ಚಿಸಿಕೊಳ್ಳುತ್ತದೆ ಎಂಬ ವಿವರಣೆಗೆ ಪ್ರಯೋಗಾಲಯಗಳಲ್ಲಿ ಸಾಕಷ್ಟು ಆಧಾರ ದೊರೆತಿದೆ. ಆ ಅರ್ಥದಲ್ಲಿ ಹಣ್ಣು ಕಾವಲುಗಾರನಲ್ಲ, ಕಾವಲುಗಾರರನ್ನು ಎಚ್ಚರಿಸುವವನು. ಪುನರ್ಪುಳಿಯ ಸಿಪ್ಪೆಯಲ್ಲಿರುವ ಗಾರ್ಸಿನಾಲ್ ಎಂಬ ಹಳದಿ ವಸ್ತು ಉರಿಯೂತವನ್ನು ತಗ್ಗಿಸುತ್ತದೆ ಎಂಬ ವರದಿಗಳು ಬಹುಮಟ್ಟಿಗೆ ಜೀವಕೋಶ ಮತ್ತು ಇಲಿಗಳ ಮೇಲಿನ ಪ್ರಯೋಗಗಳಿಂದ ಬಂದವು. ಅವನ್ನು ಮನುಷ್ಯರಿಗೆ ಔಷಧವೆಂದು ಮಾರುವುದು ಅವಸರದ ಕೆಲಸ.

ಹಣ್ಣು ಪಾನೀಯವಾಗುವಾಗ ಏನಾಗುತ್ತದೆ ಎಂಬುದು ಈ ವಿಷಯದ ಅತಿ ಮುಖ್ಯ ಭಾಗ, ಆದರೂ ಹೆಚ್ಚು ಮರೆತುಹೋಗುವ ಭಾಗ. ಇಡೀ ಹಣ್ಣಿನಲ್ಲಿ ಸಕ್ಕರೆಯು ಸಸ್ಯಕೋಶಗಳ ಗೋಡೆಯೊಳಗೆ, ನಾರಿನ ನಡುವೆ ಇರುತ್ತದೆ, ಅಗಿದು ನುಂಗಿದ ಮೇಲೂ ನಿಧಾನವಾಗಿ ಹೊರಬರುತ್ತದೆ. ರಸ ಹಿಂಡಿ ಸೋಸಿದಾಗ ನಾರು ಹೊರಗುಳಿಯುತ್ತದೆ, ಸಕ್ಕರೆ ಬಿಡಿಯಾಗುತ್ತದೆ. ಅಮೆರಿಕದ 1,87,382 ಆರೋಗ್ಯ ವೃತ್ತಿಪರರ ದೀರ್ಘ ಅವಲೋಕನವನ್ನು ಆಧರಿಸಿ 2013ರಲ್ಲಿ ಪ್ರಕಟವಾದ ವರದಿಯಲ್ಲಿ, ಇಡೀ ಹಣ್ಣುಗಳನ್ನು, ಅದರಲ್ಲೂ ಬ್ಲೂಬೆರ್‍ರಿ, ದ್ರಾಕ್ಷಿ, ಸೇಬುಗಳನ್ನು ಹೆಚ್ಚು ತಿಂದವರಿಗೆ ಎರಡನೆಯ ಬಗೆಯ ಮಧುಮೇಹದ ಸಂಭವ ಕಡಿಮೆಯಿದ್ದರೆ, ಹಣ್ಣಿನ ರಸ ಹೆಚ್ಚು ಕುಡಿದವರಿಗೆ ಅದು ಹೆಚ್ಚಿತ್ತು. ವಿಶ್ವ ಆರೋಗ್ಯ ಸಂಸ್ಥೆ ಹಣ್ಣಿನ ರಸದ ಸಕ್ಕರೆಯನ್ನು ಚಹಾಕ್ಕೆ ಬೆರೆಸುವ ಸಕ್ಕರೆಯ ಸಾಲಿನಲ್ಲಿಯೇ ಎಣಿಸಿ, ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಉತ್ತಮವೆಂದು ಹೇಳುತ್ತದೆ. ಸಕ್ಕರೆಯಲ್ಲಿ ಬಿಸಿಲಿಗಿಟ್ಟು ತೆಗೆದ ಪುನರ್ಪುಳಿ ಪಾಕ ಮೂರು ದೊಡ್ಡ ಚಮಚದಷ್ಟು ಲೋಟಕ್ಕೆ ಬಿದ್ದರೆ ಆ ಮಿತಿ ಅಲ್ಲಿಯೇ ದಾಟಿಹೋಗುತ್ತದೆ. ಪೊಟ್ಟಣದ ರಸಗಳ ವಿಷಯದಲ್ಲಿ, ಸಾಂದ್ರೀಕರಿಸಿದ ರಸಕ್ಕೆ ಮರಳಿ ನೀರು ಸೇರಿಸಿ ಮಾಡಿದ ಪಾನೀಯಗಳ ಮೇಲೆ ‘100 ಪ್ರತಿಶತ ಹಣ್ಣಿನ ರಸ’ ಎಂಬ ಬರಹ ಕೂಡದೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಜೂನ್‌ನಲ್ಲಿ ಆದೇಶಿಸಿದ್ದು ಸರಿಯಾದ ಕ್ರಮ.

ಮನೆಯ ರೂಢಿಯಲ್ಲಿಯೇ ಇದಕ್ಕಿಂತ ಒಳ್ಳೆಯ ದಾರಿಗಳಿವೆ. ಒಣಗಿಸಿದ ಸಿಪ್ಪೆಯನ್ನು ನೀರಿನಲ್ಲಿ ನೆನೆಸಿ ಕಿವುಚಿ, ಚಿಟಿಕೆ ಉಪ್ಪು, ಜೀರಿಗೆ ಪುಡಿ, ಬೇಕಿದ್ದರೆ ಚೂರು ಬೆಲ್ಲ ಹಾಕಿ ಕುಡಿದರೆ ಬಣ್ಣವೂ ಹುಳಿಯೂ ಸಿಗುತ್ತವೆ, ಸಕ್ಕರೆಯ ಹೊರೆಯಿರುವುದಿಲ್ಲ. ಬೆಳ್ಳುಳ್ಳಿ ಒಗ್ಗರಣೆಯ ಪುನರ್ಪುಳಿ ಸಾರು, ತೆಂಗಿನ ಹಾಲು ಬೆರೆಸಿದ ಕೊಂಕಣಿಗರ ಸೋಲ್ ಕಡಿ ಇದೇ ಜಾಡಿನವು. ಸಾರನ್ನು ಹೆಚ್ಚು ಹೊತ್ತು ಕುದಿಸಿದರೆ ಆಂಥೋಸಯನಿನ್ ನಾಶವಾಗುತ್ತ ಬಣ್ಣ ಕಂದಾಗುವುದರಿಂದ, ಸಿಪ್ಪೆಯನ್ನು ಕೊನೆಯಲ್ಲಿ ಹಾಕಿ ಬೇಗ ಇಳಿಸುವುದು ಲೇಸು. ಪಾತ್ರೆಯ ಆಯ್ಕೆಯೂ ಮುಖ್ಯ. ಹುಳಿರಸ ತಾಮ್ರವನ್ನು ಕರಗಿಸಿಕೊಳ್ಳುತ್ತದೆ, ಆ ತಾಮ್ರ ಸಿ ವಿಟಮಿನ್‌ನ ಉತ್ಕರ್ಷಣವನ್ನು ವೇಗಗೊಳಿಸುತ್ತದೆ. ಇದರ ಬೆಲೆಯನ್ನು ಬ್ರಿಟಿಷ್ ನೌಕಾಪಡೆ ತೆತ್ತಿದೆ. ವಸಡು ಕೊಳೆತು ರಕ್ತ ಸೋರುವ ಸ್ಕರ್ವಿ ರೋಗಕ್ಕೆ ಕಿತ್ತಳೆ, ಲೆಮನ್ ಹಣ್ಣುಗಳು ಮದ್ದೆಂದು ಜೇಮ್ಸ್ ಲಿಂಡ್ 1747ರಲ್ಲಿಯೇ ಹಡಗಿನ 12 ರೋಗಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದರೂ, ಹತ್ತೊಂಬತ್ತನೆಯ ಶತಮಾನದಲ್ಲಿ ನೌಕಾಪಡೆ ಲೆಮನ್ ಬಿಟ್ಟು ಸಿ ವಿಟಮಿನ್ ಕಡಿಮೆಯಿರುವ ವೆಸ್ಟ್ ಇಂಡೀಸ್‌ನ ಸಣ್ಣ ನಿಂಬೆಗೆ ಬದಲಾಯಿತು. ತಾಮ್ರದ ಕೊಳವೆಗಳನ್ನು ಹಾದು, ಗಾಳಿಬೆಳಕಿಗೆ ಸಿಕ್ಕಿ ಆ ರಸ ಇನ್ನಷ್ಟು ಸತ್ತ್ವ ಕಳೆದುಕೊಂಡಿತು. 1875ರ ಉತ್ತರಧ್ರುವ ಯಾತ್ರೆಯ ನಾವಿಕರಲ್ಲಿ ಸ್ಕರ್ವಿ ಮತ್ತೆ ಕಾಣಿಸಿಕೊಂಡಿತು. ಹುಳಿ ಪಾನಕಕ್ಕೆ ಗಾಜು, ಪಿಂಗಾಣಿ ಅಥವಾ ಸ್ಟೀಲ್ ಪಾತ್ರೆಯೇ ಸರಿ, ಹಿಂಡಿದ ರಸವನ್ನು ಕೂಡಲೇ ಕುಡಿಯಬೇಕು.

ಕೆಲವರು ಎಚ್ಚರ ವಹಿಸಬೇಕಾದ ಸಂದರ್ಭಗಳೂ ಇವೆ. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಕಮರಾಕ್ಷಿ ಹಣ್ಣು ಮತ್ತು ಅದರ ರಸ ಪ್ರಾಣಾಪಾಯ ತರಬಲ್ಲವು, ಏಕೆಂದರೆ ಅದರಲ್ಲಿರುವ ನರಗಳಿಗೆ ವಿಷಕಾರಿಯಾದ ವಸ್ತುವನ್ನು ಅವರ ದೇಹ ಹೊರಹಾಕಲಾರದು. ಗ್ರೇಪ್‌ಫ್ರೂಟ್ ಮತ್ತು ಅದರ ಹತ್ತಿರದ ಬಂಧುವಾದ ಚಕ್ಕೋತದಲ್ಲಿರುವ ಕೆಲವು ರಾಸಾಯನಿಕಗಳು, ಔಷಧಗಳನ್ನು ಒಡೆಯುವ ಕರುಳಿನ ಕಿಣ್ವವನ್ನು ತಡೆಯುವುದರಿಂದ, ಕೊಲೆಸ್ಟರಾಲ್ ಅಥವಾ ರಕ್ತದೊತ್ತಡದ ಕೆಲವು ಮಾತ್ರೆಗಳು ರಕ್ತದಲ್ಲಿ ಮಿತಿಮೀರಿ ಸಂಗ್ರಹವಾಗಬಹುದು. ಅಂಥವರು ವೈದ್ಯರನ್ನು ಕೇಳಿಯೇ ಈ ಹಣ್ಣುಗಳನ್ನು ತಿನ್ನಬೇಕು. ತೂಕ ಇಳಿಸುವ ಭರವಸೆಯ ಗಾರ್ಸಿನಿಯಾ ಮಾತ್ರೆಗಳ ವಿಷಯವೂ ಇಲ್ಲಿ ಹೇಳತಕ್ಕದ್ದು. ಪುನರ್ಪುಳಿಯ ದಾಯಾದಿಯಾದ, ಉತ್ತರ ಕನ್ನಡದ ಕಾಡುಗಳಿಂದ ರಾಶಿರಾಶಿಯಾಗಿ ಸಂಗ್ರಹವಾಗುತ್ತಿದ್ದ ಉಪ್ಪಾಗೆಯ ಸಿಪ್ಪೆಯಿಂದ ತೆಗೆದ ಹೈಡ್ರಾಕ್ಸಿಸಿಟ್ರಿಕ್ ಆಮ್ಲವನ್ನು 135 ಜನರ ಮೇಲೆ 12 ವಾರ ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅದು ಹುಸಿಮಾತ್ರೆಗಿಂತ ಹೆಚ್ಚೇನೂ ತೂಕ ಇಳಿಸಲಿಲ್ಲ. ಇಂಥ ಮಾತ್ರೆ ತೆಗೆದುಕೊಂಡವರಲ್ಲಿ ಯಕೃತ್ತು ಹಾನಿಗೊಂಡ ಪ್ರಕರಣಗಳೂ ಆಮೇಲೆ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಸಾರಿನ ಹುಳಿಗೆ ಬಳಸುವ ನಾಲ್ಕಾರು ಸಿಪ್ಪೆಗೆ ಈ ಭಯ ಅನ್ವಯಿಸುವುದಿಲ್ಲ.