ಆನೆ ಕಾವಲಿನ ರಾತ್ರಿಗಳು: ನಿದ್ದೆ ಕೆಟ್ಟರೆ ದೇಹಕ್ಕೇನಾಗುತ್ತದೆ?

ಸಕಲೇಶಪುರ, ಆಲೂರು ತಾಲ್ಲೂಕುಗಳಲ್ಲಿ ಕಾಡಾನೆ ಹಾವಳಿ ಎಂದರೆ ಬೆಳೆಹಾನಿ, ಪ್ರಾಣಹಾನಿ, ಪರಿಹಾರದ ಮಾತು ಬರುತ್ತದೆ. 2014ರಲ್ಲಿ ಈ ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದರೂ ಸಮಸ್ಯೆ ಮುಗಿಯಲಿಲ್ಲ. ಇದರ ನಡುವೆ ಯಾರೂ ಲೆಕ್ಕಕ್ಕೆ ಹಿಡಿಯದ ನಷ್ಟವೊಂದಿದೆ: ನಿದ್ದೆ.

ಭತ್ತದ ತೆನೆ ಬಲಿಯುವ ಹೊತ್ತಿಗೆ ಗದ್ದೆ ಕಾವಲು ಶುರುವಾಗುತ್ತದೆ. ಅದು ಮುಗಿಯುವ ಮೊದಲೇ ಅರೇಬಿಕಾ ಕಾಫಿ ಕೊಯ್ಲು ಬಂದಿರುತ್ತದೆ. ರಾತ್ರಿ ಪಟಾಕಿ, ಟಾರ್ಚ್ ಹಿಡಿದು ಕೂತವರೇ ಬೆಳಿಗ್ಗೆ ತೋಟಕ್ಕೆ ಹೋಗಬೇಕು. ಮನೆಯಲ್ಲಿ ಮಲಗಿದವರಿಗೂ ನಾಯಿ ಬೊಗಳಿದರೆ, ಬಿದಿರು ಮುರಿದ ಸದ್ದಾದರೆ ಎಚ್ಚರ.

ಗಾಢ ನಿದ್ದೆ ಬರುವುದು ಹೆಚ್ಚಾಗಿ ರಾತ್ರಿಯ ಮೊದಲ ಭಾಗದಲ್ಲಿ. ಸ್ನಾಯುಗಳ ದುರಸ್ತಿಗೆ ನೆರವಾಗುವ ಬೆಳವಣಿಗೆಯ ಹಾರ್ಮೋನು ಆಗಲೇ ಹೆಚ್ಚು ಸ್ರವಿಸುತ್ತದೆ. ರಕ್ತದೊತ್ತಡ ಹಗಲಿಗಿಂತ ಶೇ. 10ರಿಂದ 20ರಷ್ಟು ಇಳಿದು ಹೃದಯಕ್ಕೆ ಬಿಡುವು ಸಿಗುತ್ತದೆ. ಪದೇಪದೇ ಬೆಚ್ಚಿ ಎದ್ದರೆ ಈ ಬಿಡುವು ತಪ್ಪುತ್ತದೆ. ಆದ್ದರಿಂದ ಎಂಟು ಗಂಟೆ ಹಾಸಿಗೆಯಲ್ಲಿದ್ದ ಮಾತ್ರಕ್ಕೆ ನಿದ್ದೆ ಆಯಿತು ಎನ್ನಲಾಗದು.

ಸಕ್ಕರೆಯ ಮಾತು ಇನ್ನೂ ಗಂಭೀರ. ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 11 ಆರೋಗ್ಯವಂತ ಯುವಕರನ್ನು ಆರು ರಾತ್ರಿ ತಲಾ ನಾಲ್ಕೇ ಗಂಟೆ ಮಲಗಿಸಿದರು. ಅಷ್ಟಕ್ಕೇ ಅವರ ದೇಹ ಸಕ್ಕರೆಯನ್ನು ನಿಭಾಯಿಸುವ ಶಕ್ತಿ ಸ್ಪಷ್ಟವಾಗಿ ಕುಗ್ಗಿತು. ಸಾಕಷ್ಟು ನಿದ್ದೆ ಸಿಕ್ಕ ಮೇಲೆ ಸುಧಾರಿಸಿತು. ಈ ಅಧ್ಯಯನ 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಾವಲಿನ ಕಾಲವಾದರೋ ಆರು ರಾತ್ರಿಗೆ ಮುಗಿಯುವುದಿಲ್ಲ.

ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಜೈನ ಮನೆಗಳ ಪದ್ಧತಿ ಇಲ್ಲಿ ನೆರವಿಗೆ ಬರುತ್ತದೆ. ತುಂಬಿದ ಹೊಟ್ಟೆಯಲ್ಲಿ ಮಲಗಿದರೆ ಹುಳಿತೇಗು, ಎದೆಯುರಿ ನಿದ್ದೆ ಕೆಡಿಸುತ್ತವೆ. ಆದರೆ ಸಂಜೆಯ ಸ್ಟ್ರಾಂಗ್ ಕಾಫಿಯೂ ನಿದ್ದೆಗೆ ಅಡ್ಡಿಯೇ. ಕಾಫಿ ನಾಡಿನಲ್ಲಿ ಇದನ್ನು ಹೇಳುವುದು ಕಷ್ಟ, ನಿಜ.

ಕಾವಲನ್ನು ಸರದಿಯಲ್ಲಿ ಹಂಚಿಕೊಂಡರೆ ಒಬ್ಬೊಬ್ಬರಿಗೂ ನಾಲ್ಕೈದು ಗಂಟೆಯಾದರೂ ಒಂದೇ ಸಮನೆ ನಿದ್ದೆ ಸಿಗುತ್ತದೆ. ಆನೆಗಳಿರುವ ಜಾಗವನ್ನು ಮೊಬೈಲ್‌ಗೆ ತಿಳಿಸುವ ವ್ಯವಸ್ಥೆಯೂ ಜಿಲ್ಲೆಯಲ್ಲಿದೆ. ಆನೆ ದೂರವಿರುವ ರಾತ್ರಿ ನಿಶ್ಚಿಂತೆಯಿಂದ ಮಲಗಬಹುದು. ಮಧ್ಯಾಹ್ನ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿದರೂ ಮಂಪರು ಇಳಿಯುತ್ತದೆ. ನಿದ್ದೆಗೆಟ್ಟ ಮರುದಿನ ಮೆಣಸು ಬಿಡಿಸಲು ಏಣಿ ಹತ್ತುವುದು, ಶಿರಾಡಿ ಘಾಟಿಯಲ್ಲಿ ಗಾಡಿ ಓಡಿಸುವುದು ಬೇಡ. ಬಿಪಿ, ಸಕ್ಕರೆ ಕಾಯಿಲೆ ಇರುವವರು ರಾತ್ರಿ ಕಾವಲಿಗೆ ಹೋಗುವ ವಿಷಯವನ್ನು ವೈದ್ಯರಿಗೆ ತಿಳಿಸಬೇಕು. ಮಾತ್ರೆಯ ಹೊತ್ತನ್ನು ಅವರೇ ಹೊಂದಿಸಿಕೊಡುತ್ತಾರೆ.