ಅಡುಗೆಮನೆಯ ವಿದ್ಯುತ್ ಲೆಕ್ಕ

ಸಂಸಾರದ ಆಯವ್ಯಯವು ಪಡಸಾಲೆಗಿಂತ ಅಡುಗೆಮನೆಯಲ್ಲಿಯೇ ಹೆಚ್ಚು ನಿರ್ಧಾರವಾಗುತ್ತದೆ. ಕಳೆದ ಬೇಸಿಗೆಯಲ್ಲಿ ವಿದ್ಯುತ್ ಬಿಲ್ಲು ಏರಿದುದನ್ನು ಕಂಡು ನಾವು ಸೊಸೆಯ ಹೊಸ ಮಿಕ್ಸಿಯ ಮೇಲೆ ತಪ್ಪು ಹೊರಿಸಿದೆವು. ಅದರ ಮೇಲೆ 750 ವ್ಯಾಟ್ ಎಂದು ಬರೆದಿತ್ತು; ನಮಗೆ ಅಷ್ಟೇ ಸಾಕ್ಷಿಯಾಯಿತು. ಆಕೆ ಶಾಂತಳಾಗಿ, “ಮಾವನವರೇ, ಮಿಕ್ಸಿ ತಿರುಗುವುದು ದಿನಕ್ಕೆ ಐದೇ ನಿಮಿಷ. ನಿಮಗೆ ಬಿಸಿಯನ್ನ ಬೇಕೆಂದು ಕರೆಂಟಿನ ಕುಕ್ಕರು ಸಂಜೆಯವರೆಗೂ ಉರಿಯುತ್ತದೆಯಲ್ಲ?” ಎಂದಳು. ನಾವು ಕಾಗದ ಹಿಡಿದು ಲೆಕ್ಕಕ್ಕೆ ಕುಳಿತೆವು.

ಸಾವಿರ ವ್ಯಾಟಿನ ಉಪಕರಣವು ಒಂದು ಗಂಟೆ ನಡೆದರೆ ಒಂದು ಯೂನಿಟ್. 750 ವ್ಯಾಟಿನ ಮಿಕ್ಸಿ ಐದು ನಿಮಿಷಕ್ಕೆ ಬಳಸುವುದು ಯೂನಿಟ್ಟಿನ ಹದಿನಾರರಲ್ಲೊಂದು ಪಾಲು, ಹಿರಿಯರ ಲೆಕ್ಕದಲ್ಲಿ ಒಂದು ವೀಸ. 700 ವ್ಯಾಟಿನ ಕುಕ್ಕರು ಅರ್ಧ ಗಂಟೆಯಲ್ಲಿ ಅನ್ನ ಮಾಡಲು 0.35 ಯೂನಿಟ್ ಸಾಕು. ಆದರೆ ಅನ್ನವನ್ನು ಬಿಸಿಯಾಗಿಡಲು ಅದು 40 ವ್ಯಾಟ್‌ನಂತೆ ಹತ್ತು ಗಂಟೆ ಎಳೆದರೆ 0.4 ಯೂನಿಟ್! ಬೇಯಿಸಿದ್ದಕ್ಕಿಂತ ಕಾಯ್ದಿಟ್ಟುದಕ್ಕೇ ವೆಚ್ಚ ಹೆಚ್ಚು. ತಿಂಗಳಿಗೆ ಮಿಕ್ಸಿಗೆ ಎರಡು ಯೂನಿಟ್ಟೂ ಆಗದು. ನಮ್ಮ ಬಿಸಿಯನ್ನದ ಚಪಲಕ್ಕೆ ಹನ್ನೆರಡು.

ಆದುದರಿಂದ ಉಪಕರಣ ಕೊಳ್ಳುವಾಗ ವ್ಯಾಟನ್ನಷ್ಟೇ ನೋಡದೆ, ಅದು ಎಷ್ಟು ಹೊತ್ತು ನಡೆಯುವುದೆಂಬುದನ್ನೂ ವಿಚಾರಿಸತಕ್ಕದ್ದು. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು ಸುಮಾರು 0.09 ಯೂನಿಟ್ ಬೇಕೇ ಬೇಕು. ಕೆಟಲು 1000 ವ್ಯಾಟಿನದಾದರೂ 1500 ವ್ಯಾಟಿನದಾದರೂ ಇದು ತಪ್ಪದು; ದೊಡ್ಡದು ಬೇಗ ಕಾಯಿಸುತ್ತದೆ, ಅಷ್ಟೇ. ಎರಡು ಲೋಟ ಚಹಾಕ್ಕೆ ಕೆಟಲಿನ ತುಂಬ ನೀರು ಕಾಯಿಸದಿರುವುದೇ ನಿಜವಾದ ಉಳಿತಾಯ.

ಇಂಡಕ್ಷನ್ ಒಲೆಯಲ್ಲಿ ಪಾತ್ರೆಯ ತಳವೇ ನೇರವಾಗಿ ಕಾಯುವುದರಿಂದ ಶಾಖ ಸುತ್ತಲೂ ಪೋಲಾಗುವುದು ಕಡಿಮೆ. ಆದರೆ ಸಾಮಾನ್ಯ ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಗಳು ಅದಕ್ಕೆ ಒಗ್ಗವು. ಅಂಗಡಿಗೆ ಹೋಗುವ ಮುನ್ನ ಮನೆಯ ಪಾತ್ರೆಗಳ ತಳಕ್ಕೆ ಅಯಸ್ಕಾಂತ ಹಿಡಿದು ನೋಡಿರಿ. ಗಟ್ಟಿಯಾಗಿ ಅಂಟಿದವು ಮಾತ್ರ ಯೋಗ್ಯ. ಇಲ್ಲವಾದರೆ ಒಲೆಯೊಡನೆ ಹೊಸ ಪಾತ್ರೆಗಳ ಖರ್ಚೂ ಬಂದೀತು. ಜೋಳದ ರೊಟ್ಟಿಯನ್ನು ಉರಿಯ ಮೇಲೆ ಉಬ್ಬಿಸುವ ಮನೆಗಳಿಗೆ ಗ್ಯಾಸಿನ ಒಲೆ ಇದ್ದೇ ಇರಬೇಕು.

ಬೇಳೆಕಾಳಿಗೆ ಇಂದಿಗೂ ಪ್ರೆಶರ್ ಕುಕ್ಕರಿನಂಥ ಮಿತವ್ಯಯಿ ವಿರಳ. ಒತ್ತಡದಿಂದ ಅದರೊಳಗಿನ ನೀರು 100ರ ಬದಲು ಸುಮಾರು 120 ಡಿಗ್ರಿಯವರೆಗೆ ಕಾಯುತ್ತದೆ. ಕಾಳನ್ನು ರಾತ್ರಿಯೇ ನೆನೆಯಿಟ್ಟು, ಸೀಟಿ ಬಂದೊಡನೆ ಉರಿ ತಗ್ಗಿಸಿದರೆ ಇನ್ನಷ್ಟು ಉಳಿತಾಯ.

ಭಾರತದಲ್ಲಿ 2006ರಲ್ಲಿ ಆರಂಭವಾದ ನಕ್ಷತ್ರಗುರುತಿನ ಚೀಟಿ ಉಪಕರಣದ ಮೇಲಿದ್ದರೆ, ಒಂದೇ ಅಳತೆಯವುಗಳನ್ನು ಹೋಲಿಸಿ ಕೊಳ್ಳಿರಿ. ಇಬ್ಬರ ಸಂಸಾರಕ್ಕೆ ಹತ್ತು ಜನರ ಕುಕ್ಕರು ಬೇಡ.

ಈಗ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಸರಿಯಾಗಿ ಅನ್ನವಾಗುತ್ತದೆ. ಕುಕ್ಕರಿನ ಸ್ವಿಚ್ಚು ಆರಿಸುವ ಹೊಣೆ ನಮ್ಮದು. ಸೊಸೆಯ ಮಿಕ್ಸಿಯ ಮಾತನ್ನು ನಾವು ಮತ್ತೆ ಎತ್ತಿಲ್ಲ.