ಒಬ್ಬರ ಬೋರು, ಊರಿನ ನೀರು

ಕೋಲಾರದ ರೈತ ಹೊಸ ಬೋರ್ ಹಾಕಿಸುವುದು ದುರಾಸೆಯಿಂದಲ್ಲ. ಟೊಮೆಟೊ ನೆಟ್ಟಾಗಿದೆ, ಸಾಲ ತಲೆಯ ಮೇಲಿದೆ, ಇರುವ ಬೋರಿನಲ್ಲಿ ಗಾಳಿ ಬರುತ್ತಿದೆ. ಇನ್ನಷ್ಟು ಆಳ ಕೊರೆಸದಿದ್ದರೆ ಬೆಳೆ ಕೈಬಿಡುತ್ತದೆ. ಪಕ್ಕದ ಹೊಲದವರ ಲೆಕ್ಕವೂ ಇದೇ. ಪ್ರತಿಯೊಬ್ಬರೂ ತಮ್ಮ ಮಟ್ಟಿಗೆ ಸರಿಯಾಗಿಯೇ ಯೋಚಿಸುತ್ತಾರೆ. ಎಲ್ಲರೂ ಸೇರಿ ಊರಿನ ನೀರನ್ನು ಮುಗಿಸುತ್ತಾರೆ. ಕೆಲವೆಡೆ ಕೊರೆತ 1,500 ಅಡಿ ದಾಟಿದೆ.

ತನ್ನ ಲಾಭಕ್ಕಾಗಿ ದುಡಿಯುವ ವ್ಯಾಪಾರಿಯಿಂದ ಊರಿಗೂ ಒಳ್ಳೆಯದಾಗುತ್ತದೆ ಎಂದು ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ 1776ರಲ್ಲಿ ವಾದಿಸಿದ. ಅದು ಸುಳ್ಳಲ್ಲ. ಕೋಲಾರದ ಟೊಮೆಟೊ ದೂರದೂರದ ಅಡುಗೆಮನೆಗಳನ್ನು ತಲುಪುವುದು ರೈತರು, ಮಂಡಿಯವರು, ಲಾರಿಯವರು ತಂತಮ್ಮ ಗಳಿಕೆ ನೋಡಿಕೊಳ್ಳುವುದರಿಂದಲೇ. ಆದರೆ ಆ ಟೊಮೆಟೊ ಕುಡಿದ ನೀರಿಗೆ ಬೆಲೆ ಕಟ್ಟಿದವರಿಲ್ಲ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಉಚಿತ. ನಾನು ಎತ್ತಿದ ನೀರಿನಿಂದ ನೆರೆಯವರಿಗಾದ ನಷ್ಟ ನನ್ನ ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ. ಸ್ವಾರ್ಥ ಕೇಡಾಗಿ ತಿರುಗುವುದು ಇಲ್ಲಿಯೇ.

ನೆಲದಡಿಯ ರಚನೆ ಈ ಕೇಡನ್ನು ಹೆಚ್ಚಿಸುತ್ತದೆ. ಈ ಬಯಲುಸೀಮೆಯ ತಳ ಗ್ರಾನೈಟ್ ಮತ್ತು ನೈಸ್ ಶಿಲೆಯದು. ಮೇಲಿನ ಶಿಥಿಲ ಪದರದಲ್ಲಿ ಒಂದಿಷ್ಟು ನೀರು ನಿಲ್ಲುತ್ತದೆ. ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ ಮಾತ್ರ. ಆಳಕ್ಕೆ ಹೋದಷ್ಟೂ ಬಿರುಕುಗಳು ವಿರಳ, ಮಳೆನೀರು ಅಲ್ಲಿಗೆ ಇಳಿಯುವುದು ಬಹಳ ನಿಧಾನ. ಒಂದೇ ಬಿರುಕಿಗೆ ತಗಲಿದ ಎರಡು ಬೋರುಗಳಲ್ಲಿ ಆಳದ್ದು ಮೇಲಿನದ್ದನ್ನು ಒಣಗಿಸಬಹುದು. ಹಾಗಾಗಿ ಈ ಪೈಪೋಟಿಯಲ್ಲಿ ಮೊದಲು ಸೋಲುವುದು ರೀಬೋರ್‌ಗೆ ದುಡ್ಡಿಲ್ಲದ ಸಣ್ಣ ರೈತ. ಅವನ ಬಾವಿಯ ನೀರು ದುಡ್ಡಿದ್ದವರ ತೋಟಕ್ಕೆ ಹರಿಯುತ್ತದೆ.

ಉಳಿದ ನೀರೂ ಕೆಡುತ್ತಿದೆ. ಕಲ್ಲಿಗೆ ತಾಗಿಕೊಂಡು ದೀರ್ಘಕಾಲ ನಿಂತ ನೀರು ಫ್ಲೋರೈಡ್ ಹೀರಿಕೊಳ್ಳುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಇಂಥ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲು ಕಂದುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದಲ್ಲಿ ದೊಡ್ಡವರ ಮೂಳೆ ಬಿಗಿಯುತ್ತದೆ. ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಇದು ಹೊಸ ಸುದ್ದಿಯಲ್ಲ. ಕೇಂದ್ರ ಅಂತರ್ಜಲ ಮಂಡಳಿ ಗುರುತಿಸಿದ, ವರ್ಷಕ್ಕೆ ಇಂಗುವುದಕ್ಕಿಂತ ಹೆಚ್ಚು ನೀರೆತ್ತುವ 'ಅತಿಬಳಕೆ' ಪ್ರದೇಶಗಳ ಪಟ್ಟಿಯಲ್ಲಿ ಈ ಸೀಮೆ ಇದೆ.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಕೆರೆ ತುಂಬಿದ್ದು ಕಂಡು ಜನ ಹಿಗ್ಗಿದ್ದು ಸಹಜ. ಆ ನೀರಿನ ಶುದ್ಧತೆಯ ಪ್ರಶ್ನೆ ಬೇರೆಯೇ ಇದೆ. ನನ್ನ ಭಯ ಇನ್ನೊಂದು: ಇಂಗಿದ ನೀರಿನ ಮೇಲೆ ಹೊಸ ಬೋರುಗಳು ಬಿದ್ದರೆ ಏರಿದ ಮಟ್ಟ ಮತ್ತೆ ಇಳಿಯುತ್ತದೆ. ಹನಿ ನೀರಾವರಿಯೊಂದೇ ಇದರಿಂದ ಪಾರುಮಾಡದು. ಉಳಿಸಿದ ನೀರಿನಲ್ಲಿ ಇನ್ನೊಂದು ಎಕರೆ ನೆಟ್ಟರೆ ಉಳಿತಾಯ ಎಲ್ಲಿ?

ಕೇಡು ಅನಿವಾರ್ಯವೇನೂ ಅಲ್ಲ. 1960ರ ದಶಕದಲ್ಲಿ ಲಾಸ್ ಏಂಜಲೀಸ್ ಬಳಿಯ ಅಂತರ್ಜಲವನ್ನು ಅಧ್ಯಯನ ಮಾಡಿದ ಎಲಿನಾರ್ ಆಸ್ಟ್ರಮ್, ಬಳಕೆದಾರರೇ ಕೂತು ಮಾತಾಡಿ ಪಂಪಿಂಗ್‌ಗೆ ಮಿತಿ ಹಾಕಿಕೊಂಡದ್ದನ್ನು ದಾಖಲಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಮಹಾರಾಷ್ಟ್ರದ ಹಿವರೆ ಬಜಾರ್‌ನಲ್ಲಿ ಗ್ರಾಮಸಭೆ ಪ್ರತಿವರ್ಷ ಮಳೆ ಅಳೆದು ಬೆಳೆ ನಿರ್ಧರಿಸುತ್ತದೆ, ನೀರಾವರಿಗೆ ಬೋರ್‌ವೆಲ್ ಕೊರೆಯಲು ಬಿಡುವುದಿಲ್ಲ. ನಮ್ಮ ಕೆರೆಗಳಿಗೂ ನೀರುಗಂಟಿ ಇದ್ದ. ಯಾರ ಗದ್ದೆಗೆ ಎಷ್ಟು ಹೊತ್ತು ತೂಬು ತೆರೆಯಬೇಕೆಂದು ಅವನೇ ನೋಡಿಕೊಳ್ಳುತ್ತಿದ್ದ. ಬೋರು ಬಂದ ಮೇಲೆ ಅವನ ಮಾತು ನಡೆಯಲಿಲ್ಲ.

ಅಧಿಸೂಚಿತ ಪ್ರದೇಶಗಳಲ್ಲಿ ಬೋರಿಗೆ ಅನುಮತಿ ಬೇಕೆನ್ನುವ 2011ರ ಕಾನೂನು ಕರ್ನಾಟಕದಲ್ಲಿದೆ. ಅದನ್ನು ಜಾರಿಗೆ ತರಲು ಪ್ರತಿ ಪಂಚಾಯಿತಿಯೂ ಬಿತ್ತನೆಗೆ ಮುಂಚೆ ತನ್ನ ನೀರಿನ ಮಟ್ಟ ಅಳೆದು ಗ್ರಾಮಸಭೆಯ ಮುಂದೆ ಇಡಬೇಕು. ಈ ಮುಂಗಾರಿಗೇ ಅದನ್ನು ಶುರುಮಾಡಿ.